ಹಳ್ಳದ ಕಡೆಯಿಂದ ಎಂಟನೇ ಮನೆ

ಮಾಸ್ತರಿಗೆ ನಾನು ಕೊಟ್ಟ ವಾಕ್ಯ ಸುಳ್ಳು. ಅವರು ಅದನ್ನು ಖುಷಿಯಿಂದ ಬರೆದುಕೊಂಡು ಹೋದರು. ಲೋವರ್ ಸೆಕೆಂಡರಿ ಪರೀಕ್ಷೆಗೆ ಕೂರುವ ಮಕ್ಕಳು ಈಗ ಅದನ್ನೇ ಉರು ಹೊಡೆಯುತ್ತಿರಬೇಕು.

ಓಂಕಾರಮೂರ್ತಿ ಮಾಸ್ತರು ನಮ್ಮ ಮೂಡಿಗೆರೆ ಸ್ಕೂಲಿನಲ್ಲಿ ಇಂಗ್ಲಿಷ್ ಹೇಳುವವರು. ಕಷ್ಟದ ಪದಗಳಿಗೆಲ್ಲ ಕನ್ನಡದಲ್ಲಿ ಅರ್ಥ, ಜೊತೆಗೊಂದು ಉದಾಹರಣೆ ಬರೆದು ಮಕ್ಕಳಿಗೆ ಕೊಡಬೇಕೆಂಬ ಹುಚ್ಚು ಅವರಿಗೆ. ಭಾನುವಾರ ಬಂತೆಂದರೆ ನೋಟ್‌ಬುಕ್ ಹಿಡಿದು ನಮ್ಮ ಜಗಲಿಗೆ ಹಾಜರು. ನಾನು ಇಪ್ಪತ್ತೆರಡು ವರ್ಷ ಕಲ್ಲುಗುಡ್ಡೆ ಎಸ್ಟೇಟಿನಲ್ಲಿ ರೈಟರಾಗಿ, ಅಂದರೆ ಲೆಕ್ಕ ಬರೆಯುವ ಗುಮಾಸ್ತನಾಗಿ, ಬಿಳಿ ದೊರೆಯ ಕೈಕೆಳಗೆ ದುಡಿದವನು, ಇಂಗ್ಲಿಷು ಮೈಗೆ ಹತ್ತಿರುತ್ತದೆ ಎಂದು ಅವರ ನಂಬಿಕೆ. ಹತ್ತಿದ್ದು ಇಂಗ್ಲಿಷಿಗಿಂತ ಬೈಗುಳವೇ ಹೆಚ್ಚು. ಅದನ್ನು ಹೇಳಿದರೆ ಮರ್ಯಾದೆ ಹೋಗುತ್ತದೆಂದು ಸುಮ್ಮನಿದ್ದೇನೆ.

"ಮಂಜಯ್ಯನವ್ರೇ, ಆರ್ಬಿಟ್ರರಿ ಅಂದ್ರೆ ಏನಂತ ಬರೀಲಿ?" ಎಂದರು ಮೊನ್ನೆ. "ನಿಘಂಟಲ್ಲಿ ಸ್ವೇಚ್ಛೆ, ನಿರಂಕುಶ ಅಂತೆಲ್ಲ ಉಂಟು. ಮಕ್ಕಳಿಗೆ ಅದಕ್ಕೇ ಇನ್ನೊಂದು ನಿಘಂಟು ಬೇಕಾಗ್ತದೆ."

ಒಳಗೆ ಶಂಕರಮ್ಮ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ನನ್ನ ಹೆಂಡತಿ. ಆ ಪದ ಕಿವಿಗೆ ಬಿದ್ದದ್ದೇ ಮೊರದ ಸದ್ದು ನಿಂತಿತು. ಇಂಗ್ಲಿಷಿನ ಒಂದಕ್ಷರ ಬಾರದಿದ್ದರೂ ಆ ಒಂದು ಪದ ಅವಳಿಗೆ ಗೊತ್ತು.

"ಕಾರಣ ಇಲ್ಲ, ನನ್ನ ಮನಸ್ಸಿಗೆ ಹಾಗೆ ಬಂತು, ಹಾಗೆ ಮಾಡಿದೆ. ಅಂಥದಕ್ಕೆ ಆರ್ಬಿಟ್ರರಿ ಅನ್ನೋದು" ಎಂದೆ.

"ಚೆನ್ನಾಯ್ತು. ಒಂದು ಉದಾಹರಣೆ?"

"ಎಸ್ಟೇಟಿನ ಆಳುಗಳ ಲೈನಿನಲ್ಲಿ ಮನೆಗಳಿಗೆ ಹಾಕಿದ್ದ ನಂಬರು ಆರ್ಬಿಟ್ರರಿ."

ಮಾಸ್ತರು ಬರೆದುಕೊಂಡರು. ಸುಲಭವಾಗಿದೆ, ಮಕ್ಕಳಿಗೆ ಚೆನ್ನಾಗಿ ತಿಳಿಯುತ್ತದೆ ಎಂದು ಮೆಚ್ಚಿದರು. ಕಾಫಿ ಕುಡಿದು ಹೋದರು. ನನಗೆ ಅಂದು ಊಟ ಸೇರಲಿಲ್ಲ. ಮಾಸ್ತರಿಗೆ ಹೇಳಲಾಗದ್ದನ್ನು ಇಲ್ಲಿ ಬರೆದಿಡುತ್ತೇನೆ. ಯಾರಿಗೆಂದು ಕೇಳಬೇಡಿ, ನನಗೂ ಗೊತ್ತಿಲ್ಲ.

ಕಲ್ಲುಗುಡ್ಡೆ ಎಸ್ಟೇಟು ಇರುವುದು ದೇವರಮನೆ ಕಡೆಗೆ ಹೋಗುವ ಗುಡ್ಡದ ಮಗ್ಗುಲಲ್ಲಿ. ಅಲ್ಲಿನ ಆಳುಗಳಿಗೆ ಇಪ್ಪತ್ತನಾಲ್ಕು ಮನೆಗಳ ಒಂದೇ ಉದ್ದನೆಯ ಲೈನು. ಮೇಲಿನ ತುದಿ ಕಾಫಿ ಸಸಿ ಬೆಳೆಸುವ ನರ್ಸರಿಯ ಪಕ್ಕ, ಕೆಳಗಿನ ತುದಿ ಹಳ್ಳದ ಪಕ್ಕ. ಆಫೀಸಿನಿಂದ ದಾರಿ ಬಂದು ಸೇರುವುದು ಮೇಲಿನ ತುದಿಗೆ. ದೊರೆ ಬಂದರೂ, ಮೇಸ್ತ್ರಿ ಬಂದರೂ, ಭೂತ ಬಂದರೂ ಆ ಕಡೆಯಿಂದಲೇ ಬರಬೇಕು.

ನಲವತ್ತೊಂದನೇ ಇಸವಿಯ ಖಾನೇಷುಮಾರಿಗೆ, ಅಂದರೆ ಜನರನ್ನು ಎಣಿಸುವ ಸರ್ಕಾರಿ ಕೆಲಸಕ್ಕೆ, ಮನೆಮನೆಗೂ ನಂಬರು ಬರೆಯಬೇಕೆಂದು ಹುಕುಂ ಬಂತು. ಒಂದು ತಗಡಿನ ಡಬ್ಬಿಯಲ್ಲಿ ಡಾಂಬರು, ಒಂದು ತೆಂಗಿನ ನಾರಿನ ಕುಂಚ ಹಿಡಿದು ನಾನೇ ಹೊರಟೆ. ನರ್ಸರಿ ದಾಟಿ ಮೊದಲನೇ ಮನೆಗೆ ಇನ್ನೂ ಹತ್ತು ಮಾರು ಇದೆ ಎನ್ನುವಾಗ ಒಂದು ಹೆಣ್ಣುಮಗು ಓಡಿಬಂದು ನನ್ನೆದುರು ಎರಡೂ ಕೈ ಚಾಚಿ ನಿಂತಿತು. ಹುಚ್ಚಮ್ಮನ ಮಗಳು ದೇವೀರಿ. ಆಗ ಏಳು ವರ್ಷ ಇರಬಹುದು. ಅಪ್ಪ ಮರ ಕಡಿಯುವಾಗ ಕೊಂಬೆ ಬಿದ್ದು ಸತ್ತಿದ್ದ. ತಾಯಿಗೆ ಇವಳು, ಇವಳಿಗೆ ತಾಯಿ, ಅಷ್ಟೇ ಸಂಸಾರ.

"ರೈಟರಯ್ಯ, ಈ ಕಡೆಯಿಂದ ಬರ್ಬೇಡಿ. ಜಗಲಿ ಕೆಳಗೆ ಕಾಳಿ ಮರಿ ಹಾಕ್ಯದೆ. ಕಚ್ತದೆ. ಹಳ್ಳದ ಕಡೆಯಿಂದ ಬನ್ನಿ."

ಕಾಳಿ ಎಂದರೆ ಲೈನಿನ ನಾಯಿ. ನನಗೆ ನಾಯಿ ಎಂದರೆ ಜೀವ ಹೋಗುತ್ತದೆ ಎಂಬುದು ಎಸ್ಟೇಟಿಗೆಲ್ಲ ಗೊತ್ತಿದ್ದ ವಿಷಯ, ಮಕ್ಕಳೆಲ್ಲ ನನ್ನ ಹಿಂದೆ ಬೊಗಳಿ ನಗುತ್ತಿದ್ದರು. ಈ ಮಗು ನಗಲಿಲ್ಲ. ಕಾಫಿ ಗಿಡಗಳ ನಡುವೆ ನನ್ನನ್ನು ಬಳಸಿಕೊಂಡು ಹಳ್ಳದ ತುದಿಗೆ ಕರೆದೊಯ್ದು ಬಿಟ್ಟಿತು. ಅಲ್ಲಿಂದ ಒಂದು, ಎರಡು, ಮೂರು ಎಂದು ಬಾಗಿಲ ಮೇಲೆ ಬರೆಯುತ್ತ ಬಂದೆ. ಎಂಟನೆಯದು ಅವರದೇ ಮನೆ. ಎಂಟು ಬರೆದಾಗ ದೇವೀರಿ ತಲೆಯೋರೆ ಮಾಡಿ ನೋಡಿ, "ಚೆಂದ ಅದೆ" ಅಂದಳು.

ಮೇಸ್ತ್ರಿ ಬೆಳ್ಳಿಯಪ್ಪ ದೂರದಿಂದ ನೋಡಿ, "ಊರಿಗೊಂದು ದಾರಿಯಾದ್ರೆ ಎಡವಟ್ಟಂಗೊಂದು ದಾರಿ. ಬಾಲದಿಂದ ಎಣಿಸ್ತಾ ಇದ್ದೀರಲ್ಲ ರೈಟ್ರೇ" ಎಂದು ಕಿಚಾಯಿಸಿದ. ಕೊನೆಗೆ ಕಾಳಿಯ ಕತ್ತು ಹಿಡಿದುಕೊಂಡು ನಿಂತವನೂ ಅವನೇ. ಇಪ್ಪತ್ನಾಲ್ಕನ್ನು ದೂರದಿಂದಲೇ ಕೈ ಚಾಚಿ ಬರೆದೆ. ಸೊಟ್ಟಗೆ ಬಂತು.

ಇದಾಗಿ ಎರಡು ವರ್ಷಕ್ಕೆ ಕ್ವಿನೈನಿಗೆ ಬರ ಬಂತು.

ನಮ್ಮ ಸೀಮೆಯ ಮಲೇರಿಯಾ ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಹೂಮಳೆ ಬಿದ್ದು ಕಾಫಿ ಹೂ ಅರಳಿ ಊರೆಲ್ಲ ಘಮಘಮ ಎನ್ನುವ ಹೊತ್ತಿಗೇ ಅದೂ ಬರುವುದು. ಅದಕ್ಕೆ ನಮ್ಮ ಎಸ್ಟೇಟಿನಲ್ಲಿ ಒಂದು ಪದ್ಧತಿ ಇತ್ತು. ಬೆಳಗ್ಗೆ ಹಾಜರಿಗೆ ದೊಡ್ಡವರು ಮಕ್ಕಳು ಎಲ್ಲ ಸಾಲಾಗಿ ನಿಲ್ಲಬೇಕು. ಬೆಳ್ಳಿಯಪ್ಪ ಕರಟದ ಸೌಟಿನಲ್ಲಿ ಕ್ವಿನೈನ್ ನೀರು ಮೊಗೆದು ಒಬ್ಬೊಬ್ಬರ ಬಾಯಿಗೂ ಹುಯ್ಯುತ್ತಿದ್ದ. ಕಹಿ ಎಂದರೆ ಕಹಿ. ಬಾಯಲ್ಲೇ ಇಟ್ಟುಕೊಂಡು ಹೋಗಿ ಗಿಡದ ಬುಡಕ್ಕೆ ಉಗಿಯುವವರೇ ಹೆಚ್ಚು. ಅದಕ್ಕೆ ಕುಡಿದ ಕೂಡಲೆ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಬೇಕೆಂದು ಬೆಳ್ಳಿಯಪ್ಪ ಕಾನೂನು ಮಾಡಿದ್ದ. ಬಾಯಲ್ಲಿ ನೀರಿದ್ದರೆ ಹೆಸರು ಹೊರಡುವುದಿಲ್ಲವಲ್ಲ. ಹೆಸರು ಕೇಳಿಸಿದ ಮೇಲೆ ನಾನು ಹಾಜರಿಗೆ ಗೀಟು ಹಾಕುತ್ತಿದ್ದೆ. ದೇವೀರಿ ಮಾತ್ರ ಕಣ್ಣು ಗಟ್ಟಿಯಾಗಿ ಮುಚ್ಚಿ ಒಂದೇ ಗುಟುಕಿಗೆ ನುಂಗಿ, ಬೇರೆಯವರಿಗಿಂತ ಜೋರಾಗಿ "ದೇವೀರಿ" ಎಂದು ಕೂಗಿ ಓಡುತ್ತಿದ್ದಳು.

ಕ್ವಿನೈನ್ ಬರುತ್ತಿದ್ದದ್ದು ಜಾವಾ ದ್ವೀಪದಿಂದಂತೆ. ಜಪಾನಿನವರು ಅದನ್ನು ಹಿಡಿದುಕೊಂಡ ಮೇಲೆ ಇದ್ದಬದ್ದದ್ದೆಲ್ಲ ಸೈನ್ಯಕ್ಕೆ ಹೋಗತೊಡಗಿತು. ನಲವತ್ತಮೂರರ ಏಪ್ರಿಲ್‌ನಲ್ಲಿ ನಮಗೆ ಸಿಕ್ಕಿದ್ದು ಒಂದೇ ಡಬ್ಬಿ. ಲೈನಿನ ಅರ್ಧ ಜನಕ್ಕೆ ಒಂದು ತಿಂಗಳಿಗೆ ಸಾಲುವಷ್ಟು.

ದೊರೆ ನನ್ನನ್ನು ಕರೆದರು. ಅವರಿಗೂ ಆಗತಾನೇ ಜ್ವರ ಬಿಟ್ಟು ಮುಖ ಹಳದಿಯಾಗಿತ್ತು. ಎಲ್ಲರಿಗೂ ಅರ್ಧರ್ಧ ಕೊಡೋಣ ಎಂದೆ. ಅರ್ಧ ಕೊಟ್ಟರೆ ಯಾರಿಗೂ ನಾಟುವುದಿಲ್ಲ ಎಂದರು. ಕಾಯಿಲೆಯಾದವರಿಗಷ್ಟೇ ಕೊಡೋಣ ಎಂದೆ. ನಾಳೆ ಬೆಳಗ್ಗೆ ಎಲ್ಲರೂ ಕಂಬಳಿ ಹೊದ್ದು ನಡುಗುತ್ತ ಬರುತ್ತಾರೆ, ಯಾರದು ನಿಜ ಯಾರದು ಸುಳ್ಳೆಂದು ನೀನು ನೋಡುತ್ತೀಯಾ ಎಂದರು.

"ಇದು ಆರ್ಬಿಟ್ರರಿ ಆಗಿರಬೇಕು ಮಂಜಯ್ಯ. ಇವರು ಬೇಕಾದವರು, ಅವರು ಬೇಡಾದವರು ಅಂತ ಯಾರೂ ಬೆರಳು ತೋರಿಸೋ ಹಾಗಿರಬಾರದು. ಮನೆ ನಂಬರು ಇದೆಯಲ್ಲ. ಈ ತಿಂಗಳು ಬೆಸ, ಇಲ್ಲವೇ ಸಮ. ಮುಂದಿನ ತಿಂಗಳು ಉಳಿದವರು. ಯಾವುದು ಮೊದಲು, ನೀನೇ ಹೇಳು."

ಹೇಳಲು ನನಗೆ ಒಂದು ಕ್ಷಣವೂ ಹಿಡಿಯಲಿಲ್ಲ. ನಮ್ಮಲ್ಲಿ ಬೆಸ ಸಂಖ್ಯೆ ಶುಭ. ಹನ್ನೊಂದು, ಇಪ್ಪತ್ತೊಂದು, ನೂರೊಂದು, ಮದುವೆ ಮುಂಜಿಯಲ್ಲಿ ಯಾವುದನ್ನು ಕೊಟ್ಟರೂ ಒಂದು ಹೆಚ್ಚು ಇಟ್ಟೇ ಕೊಡುವುದು. ಔಷಧಿಯ ಕೆಲಸ, ಶುಭವಾಗಿಯೇ ಸುರುವಾಗಲಿ ಎಂದು, "ಬೆಸ" ಎಂದೆ.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಹಗುರಾಗಿ ಮನೆಗೆ ಬಂದವನು ನಾನು. ಆರ್ಬಿಟ್ರರಿ ಎಂದರೇನೆಂದು ಶಂಕರಮ್ಮನಿಗೆ ಅಂದೇ ವಿವರಿಸಿದ್ದೆ, ಹೆಮ್ಮೆಯಿಂದ. ಯಾರ ತಪ್ಪೂ ಇಲ್ಲದ ಹಾಗೆ ತೀರ್ಮಾನ ಮಾಡುವ ಇಂಗ್ಲಿಷರ ಬುದ್ಧಿ ನೋಡು ಎಂದಿದ್ದೆ.

ಎರಡನೇ ವಾರದಲ್ಲಿ ದೇವೀರಿ ಮಲಗಿದಳು. ಮೊದಲು ದಿನ ಬಿಟ್ಟು ದಿನ ಚಳಿ, ಆಮೇಲೆ ದಿನಾ. ಹುಚ್ಚಮ್ಮ ಆಫೀಸಿನ ಮೆಟ್ಟಿಲ ಕೆಳಗೆ ಬಂದು ನಿಂತಳು.

"ಒಂದು ಸೌಟು ಕೊಡಿ ರೈಟರಯ್ಯ. ನಂಗೆ ಬ್ಯಾಡ, ಮುಂದಿನ ತಿಂಗಳದ್ದೂ ಬ್ಯಾಡ. ಮಗಿಗೆ."

"ಕೊಡೋ ಹಾಗಿಲ್ಲ ಹುಚ್ಚಮ್ಮ. ನಿಂಗೆ ಕೊಟ್ರೆ ಇನ್ನು ಹನ್ನೊಂದು ಮನೆಯವರು ಬಂದು ನಿಲ್ತಾರೆ. ಅವ್ರಿಗೇನು ಹೇಳ್ಲಿ?"

"ಅವ್ರ ಮನೇಲಿ ಯಾರೂ ಮಲಗಿಲ್ವಲ್ಲ."

"ಹನ್ನೆರಡರಲ್ಲೂ ಇಪ್ಪತ್ತರಲ್ಲೂ ಮಲಗಿದ್ದಾರೆ."

ಅದು ನಿಜವೇ. ಅವರು ಬದುಕಿದರು ಎಂಬುದೂ ನಿಜ. ಆದರೆ ನನ್ನ ನ್ಯಾಯವನ್ನು ಎತ್ತಿ ಹಿಡಿಯುವ ಹುರುಪಿನಲ್ಲಿ ನಾನು ಅವಳ ಮುಖವನ್ನೇ ಸರಿಯಾಗಿ ನೋಡಲಿಲ್ಲ. ಅವಳು ತಿರುಗಿ ಲೈನಿನ ಕಡೆ ಹೋದಳು. ಜಗಳವಾಡಿದ್ದರೆ ನನ್ನ ಮನಸ್ಸು ಕರಗುತ್ತಿತ್ತೋ ಏನೋ, ಹಾಗೆಂದು ಈಗ ಅಂದುಕೊಳ್ಳುವುದು ಸುಲಭ.

ಆ ವಾರವೇ ಏಳನೇ ಮನೆಯ ಗುರುವಯ್ಯ, ಹೆಂಡತಿ ಮಲಗಿದ್ದಾಳೆ, ಮನೆಗೇ ಕೊಡಿ ಎಂದು ಒಂದು ಸಣ್ಣ ಶೀಶೆಯಲ್ಲಿ ಔಷಧಿ ಹುಯ್ಯಿಸಿಕೊಂಡು ಹೋದ. ಹೆಂಡತಿ ಗಟ್ಟಿಮುಟ್ಟಾಗಿದ್ದಳು. ಅವನ ಕೋಳಿ ಕತ್ತು ಇಳಿಬಿಟ್ಟು ತೂಕಡಿಸುತ್ತಿತ್ತು, ಅದರ ಬಾಯಿಗೆ ಹುಯ್ದ. ಕೋಳಿಯೂ ಸತ್ತಿತು. ನಡುವೆ ಒಂದು ಮಣ್ಣಿನ ಗೋಡೆ, ಆ ಕಡೆ ಮಗು ನರಳುತ್ತಿತ್ತು. ನನಗೆ ಇದು ಗೊತ್ತಾದದ್ದು ಆಮೇಲೆ. ಗುರುವಯ್ಯನನ್ನು ಬೈಯುವ ಹಾಗಿರಲಿಲ್ಲ. ಅವನ ನಂಬರು ಬೆಸ, ಅವನ ಔಷಧಿ ಅವನದು. ಕಾನೂನು ಮಾಡಿದವನು ನಾನು.

ನಮ್ಮ ಮನೆಯ ಟ್ರಂಕಿನಲ್ಲಿ ಆರು ಮಾತ್ರೆ ಇದ್ದವು. ಎಸ್ಟೇಟಿನವಲ್ಲ, ನಮ್ಮವೇ. ಹಿಂದಿನ ವರ್ಷ ಶಂಕರಮ್ಮನಿಗೆ ಜ್ವರ ಬಂದಾಗ ಚಿಕ್ಕಮಗಳೂರಿನಿಂದ ತರಿಸಿ ಉಳಿಸಿಟ್ಟವು. ಮಗು ಮಲಗಿದ ನಾಲ್ಕನೇ ದಿನ ಶಂಕರಮ್ಮ ಬಟ್ಟೆಯ ಗಂಟು ಬಿಚ್ಚಿ ನನ್ನ ಮುಂದಿಟ್ಟಳು.

"ತಗೊಂಡು ಹೋಗಿ ಕೊಡಿ."

"ನಿಂಗೆ ಜ್ವರ ಬಂದ್ರೆ?"

"ಬಂದಾಗ ನೋಡುವ."

"ಒಬ್ರಿಗೆ ಕೊಟ್ಟಿದ್ದು ಗೊತ್ತಾದ್ರೆ ಲೈನಲ್ಲಿ ಮಾತಾಗ್ತದೆ. ರೈಟ್ರಿಗೆ ಎಂಟನೇ ಮನೆ ಮೇಲೆ ಯಾಕಪ್ಪ ಇಷ್ಟು ಪ್ರೀತಿ ಅಂತಾರೆ."

"ಅನ್ಲಿ ಬಿಡಿ" ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡ ಸತ್ತ ಹೆಂಗಸು, ನಾನು ಮರ್ಯಾದಸ್ಥ. ಆ ಮರ್ಯಾದೆಗೆ ಬೆಂಕಿ ಬೀಳಲಿ.

ಆರನೇ ದಿನ ಬೆಳಗ್ಗೆ ದೇವೀರಿ ಹಾಜರಿಯ ಹೊತ್ತಿಗೆ ಸರಿಯಾಗಿ ಮಲಗಿದಲ್ಲೇ ತನ್ನ ಹೆಸರು ಕೂಗಿಕೊಂಡಳಂತೆ, ಜ್ವರದ ತಲೆಯಲ್ಲಿ. ಬೆಳ್ಳಿಯಪ್ಪ ಬಂದು ಅದನ್ನು ನನಗೆ ಹೇಳಿದ. ನಾನು ಎದ್ದು ಮನೆಗೆ ಓಡಿ ಗಂಟು ತೆಗೆದುಕೊಂಡು ಹೋದೆ. ಮೇಲಿನ ತುದಿಯಿಂದಲೇ ಓಡಿದೆ. ಇಪ್ಪತ್ನಾಲ್ಕು, ಇಪ್ಪತ್ಮೂರು, ಇಪ್ಪತ್ತೆರಡು, ನನ್ನದೇ ಕೈಬರಹ ಬಾಗಿಲು ಬಾಗಿಲಿಗೂ. ಕಾಳಿ ಜಗಲಿಯಲ್ಲಿ ಬಿದ್ದುಕೊಂಡಿತ್ತು, ತಲೆ ಸಹ ಎತ್ತಲಿಲ್ಲ. ಒಳಗೆ ಹುಚ್ಚಮ್ಮ ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮಾತ್ರೆ ಅರೆದು ನೀರಲ್ಲಿ ಕದಡಿ ಬಾಯಿಗೆ ಬಿಟ್ಟೆವು. ಹಲ್ಲು ಕಚ್ಚಿಕೊಂಡಿದ್ದವು. ಹಾಕಿದ್ದೆಲ್ಲ ಕಟವಾಯಿಂದ ಇಳಿದು ಕತ್ತಿನ ಮಣಿಸರವನ್ನು ಒದ್ದೆ ಮಾಡಿತು. ಮೂಡಿಗೆರೆಗೆ ಹದಿನಾಲ್ಕು ಮೈಲಿ. ದೊರೆ ತಮ್ಮ ಗಾಡಿಯನ್ನೇ ಕಟ್ಟಿಸಿದರು. ಗಾಡಿ ನರ್ಸರಿ ದಾಟುವ ಮೊದಲೇ ಹಿಂದಕ್ಕೆ ತಿರುಗಿತು.

ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಅದು ನಾನು. ಮಗುವಿಗೆ ಗುಂಡಿ ತೋಡುವಾಗ ಪಕ್ಕದಲ್ಲೇ ನಿಂತಿದ್ದೆ. ಗುರುವಯ್ಯ ಅಳುತ್ತಿದ್ದ. ಕೋಳಿಯ ವಿಷಯ ಅವನೇ ಅಲ್ಲಿ ಹೇಳಿದ್ದು.

ಹನ್ನೊಂದು ದಿನ ಕಳೆದ ಮೇಲೆ ಹುಚ್ಚಮ್ಮ ಮತ್ತೆ ಆಫೀಸಿಗೆ ಬಂದಳು. ಮೆಟ್ಟಿಲು ಹತ್ತಿ ಬಾಗಿಲವರೆಗೂ ಬಂದಳು. ಎಂದೂ ಹಾಗೆ ಬಂದವಳಲ್ಲ. ನಾನು ಕುರ್ಚಿಯಿಂದ ಎದ್ದೆ.

"ರೈಟರಯ್ಯ, ಬಾಗಿಲ ಮೇಲೆ ನಂಬರು ಬರೆದೋರು ನೀವೇ ಅಲ್ವಾ?"

"ಹೌದು."

"ಮೇಲಿಂದ ಬರೆದಿದ್ರೆ ನಮ್ಮನೇದು ಎಷ್ಟಾಗ್ತಿತ್ತು?"

ಅವಳು ಕಾಫಿ ಬೀಜಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಬಿಚ್ಚಿ ನನ್ನ ಮೇಜಿನ ಮೇಲೆ ಉದ್ದಕ್ಕೆ ಇಟ್ಟಳು, ಒಟ್ಟು ಇಪ್ಪತ್ತನಾಲ್ಕು. ಒಂದು ತುದಿಯಿಂದ ಎಣಿಸಿ ಎಂಟನೆಯದರ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಎದುರು ತುದಿಯ ಬೀಜವನ್ನು ತೋರಿಸಿದಳು.

"ಅಲ್ಲಿಂದ ಎಣಿಸಿದ್ರೆ ಹದಿನೇಳು. ನಾಕು ಸಲ ಎಣಿಸ್ದೆ. ಹದಿನೇಳು ಬೆಸನೇ ತಾನೆ?"

"ಬೆಸ."

"ಆಫೀಸಿಂದ ಬರೋರೆಲ್ಲ ಮೇಲಿಂದ್ಲೇ ಬತ್ತಾರೆ. ನೀವ್ಯಾಕೆ ಅವತ್ತು ಹಳ್ಳದ ಕಡೆಯಿಂದ ಸುರು ಮಾಡಿದ್ರಿ?"

ಅವಳು ಆ ದಿನ ನರ್ಸರಿಯಲ್ಲಿ ಸಸಿಗೆ ನೀರು ಹುಯ್ಯುತ್ತಿದ್ದಳು, ಮಗಳು ಓಡಿ ಬಂದದ್ದನ್ನು ನೋಡಿರಲಿಲ್ಲ. ಬೆಳ್ಳಿಯಪ್ಪ ದೂರ ಇದ್ದ, ಮಾತು ಕೇಳಿಸಿಕೊಂಡಿರಲಿಲ್ಲ. ಆ ಮಗು ಚಾಚಿದ ಎರಡು ಕೈಗಳು ಈ ಲೋಕದಲ್ಲಿ ನನ್ನೊಬ್ಬನಿಗೇ ಗೊತ್ತು. ಹೇಳಿದರೆ ನನ್ನ ಭಾರ ಅರ್ಧ ಇಳಿಯುತ್ತಿತ್ತು. ನಿನ್ನ ಮಗಳೇ ಹೇಳಿದ್ದು ಕಣಮ್ಮ, ನಾಯಿ ಕಚ್ಚುತ್ತದೆಂದು ನನ್ನನ್ನು ಕಾಪಾಡಲು ಬಂದು ಹೇಳಿದ್ದು, ನಾನೇನು ಮಾಡಲಿ ಎನ್ನಬಹುದಿತ್ತು. ಆಮೇಲೆ ಅವಳು ಬದುಕಿರುವಷ್ಟು ದಿನ ಆ ಮಾತನ್ನು ಎಲ್ಲಿಡಬೇಕಿತ್ತು?

"ಹಾಗೇ" ಎಂದೆ. "ನನ್ನ ಮನಸ್ಸಿಗೆ ಬಂತು."

"ಬರೀ ಹಾಗೇನಾ? ಏನೂ ಕಾರಣ ಇಲ್ವಾ?"

"ಇಲ್ಲ."

ಹುಚ್ಚಮ್ಮ ಬೀಜಗಳನ್ನು ಒಂದೊಂದಾಗಿ ಸೆರಗಿಗೆ ಹಾಕಿಕೊಂಡಳು. ಅವಳು ಶಾಪ ಹಾಕುತ್ತಾಳೆಂದು ಕಾದೆ, ಹಾಕಲಿ ಎಂದು ಆಸೆಪಟ್ಟೆ. "ನಾನು ಏನೋ ಇರ್ಬೇಕು ಅಂತ ಮಾಡಿದ್ದೆ. ನಾವೇನೋ ತಪ್ಪು ಮಾಡಿರ್ಬೇಕು ಅಂತ" ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು. ಅಂದಿನಿಂದ ನನ್ನನ್ನು ರೈಟರಯ್ಯ ಎಂದು ಕರೆಯುವುದನ್ನು ಬಿಟ್ಟಳು. ಏನೂ ಕರೆಯುತ್ತಿರಲಿಲ್ಲ.

ಇದು ನಾನು ಹೇಳಿದ ಒಂದೇ ಒಳ್ಳೆಯ ಸುಳ್ಳು. ಅದರಿಂದ ನನಗೇನೂ ನೆಮ್ಮದಿ ಸಿಗಲಿಲ್ಲ. ಮಾತ್ರೆಯ ಗಂಟು ಎರಡು ದಿನ ಟ್ರಂಕಿನಲ್ಲಿ ಇದ್ದದ್ದಕ್ಕೆ ಕಾರಣ ನಾಯಿಯಲ್ಲ, ನಂಬರಲ್ಲ.

ತಿಂಗಳು ಮುಗಿಯಿತು. ಇನ್ನೊಂದು ಡಬ್ಬಿ ಬಂತು. ಮಾತಿಗೆ ತಪ್ಪಬಾರದೆಂದು ದೊರೆ ಸಮ ಸಂಖ್ಯೆಯ ಮನೆಯವರನ್ನು ಕರೆಸಿದರು. ಮೊದಲ ದಿನದ ಹಾಜರಿ. ನಾನು ಪುಸ್ತಕ ಬಿಚ್ಚಿಕೊಂಡು ಕುಳಿತೆ, ಬೆಳ್ಳಿಯಪ್ಪ ಸೌಟು ಹಿಡಿದು ನಿಂತ. ಎರಡನೇ ಮನೆಯವರು ಬಂದರು, ನಾಲ್ಕನೇ ಮನೆ, ಆರನೇ ಮನೆ. ಕುಡಿದರು, ಮುಖ ಸಿಂಡರಿಸಿದರು, ಹೆಸರು ಹೇಳಿದರು. ನಾನು ಗೀಟು ಹಾಕಿದೆ.

ಎಂಟನೇ ಮನೆಯಿಂದ ಒಬ್ಬಳೇ ಬಂದಳು. ಅವಳು ಬರಲಾರಳೆಂದು ನಾನು ಅಂದುಕೊಂಡಿದ್ದೆ. ಬಂದು ಕಣ್ಣು ಗಟ್ಟಿಯಾಗಿ ಮುಚ್ಚಿ ಬಾಯಿ ತೆರೆದಳು. ಬೆಳ್ಳಿಯಪ್ಪ ಹುಯ್ದ. ಒಂದೇ ಗುಟುಕಿಗೆ ನುಂಗಿದಳು.

"ಹೆಸರು ಹೇಳವ್ವ" ಎಂದ ಬೆಳ್ಳಿಯಪ್ಪ, ಮೆಲ್ಲಗೆ.

"ದೇವೀರಿ" ಎಂದಳು ಹುಚ್ಚಮ್ಮ, ಗಟ್ಟಿಯಾಗಿ.

ಬೆಳ್ಳಿಯಪ್ಪ ತಿರುಗಿ ನನ್ನ ಮುಖ ನೋಡಿದ. ಹೆಸರು ಕೇಳಿಸಿದ ಮೇಲೆ ಗೀಟು ಹಾಕಬೇಕು, ಅದು ನನ್ನ ಕೆಲಸ. ಪುಸ್ತಕದಲ್ಲಿ ಆ ಹೆಸರಿನ ಮೇಲೆ ನಾನೇ ಅಡ್ಡಗೆರೆ ಎಳೆದು ಹದಿನೈದು ದಿನವಾಗಿತ್ತು. ಆ ಗೆರೆಯ ಪಕ್ಕದಲ್ಲೇ ಗೀಟು ಹಾಕಿದೆ. ಮರುದಿನವೂ ಅವಳು ಅದೇ ಹೆಸರು ಹೇಳಿದಳು. ಆ ತಿಂಗಳು ಮುಗಿಯುವವರೆಗೂ ಅದನ್ನೇ ಹೇಳಿದಳು, ನಾನೂ ದಿನಾ ಅಲ್ಲೇ ಗೀಟು ಹಾಕಿದೆ.